ಹಕ್ಕುಪತ್ರವನ್ನು ಓದುವುದು

ಕೆನರಾ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924), ವಿಜಯಾ ಬ್ಯಾಂಕ್ (1931) ಮೂರೂ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲೇ. ಆದರೂ ಕದ್ರಿಯಲ್ಲಿ ಪಾಠ ಮಾಡುವ ನನ್ನನ್ನು ದಲಿತ ವಿದ್ಯಾರ್ಥಿಗಳು ಕೇಳುವುದುಂಟು: "ಸಾರ್, ನಮ್ಮ ಜಾಗ ಅಡವಿಟ್ಟರೆ ಸಾಲ ಯಾಕೆ ಸಿಗುವುದಿಲ್ಲ?"

ಅಮೆರಿಕದಲ್ಲಿ 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ಕಪ್ಪು ಜನರ ಕೇರಿಗಳಿಗೆ ನಕ್ಷೆಯಲ್ಲಿ ಕೆಂಪು ಬಳಿದು, ಅಲ್ಲಿ ಮನೆಸಾಲ ಅಪಾಯವೆಂದು ಗುರುತಿಸಿತು. ಇಲ್ಲಿ ನಕ್ಷೆ ಬೇಡ, ಹಕ್ಕುಪತ್ರ ಸಾಕು. ಕವಿತೆ ಓದುವಷ್ಟೇ ಎಚ್ಚರದಿಂದ ಅದನ್ನು ಓದಬೇಕು ನಾವು.

ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಅದರ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ ಅಂತದೆ 1978ರ ಪಿಟಿಸಿಎಲ್ ಕಾಯ್ದೆ. ಅಡಮಾನವೂ ಪರಭಾರೆಯೇ. ಧಣಿಗಳ ಬಾಯಿಂದ ನೆಲ ಉಳಿಸಲು ಬಂದ ಕಾಯ್ದೆ. ಅದು ಬೇಕೇ ಬೇಕು. ಆದರೆ ಬ್ಯಾಂಕಿಗೆ ಮಾಡಿಕೊಡುವ ಅಡಮಾನಕ್ಕೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ! ಇದನ್ನು ಓದದ ಮ್ಯಾನೇಜರಿಗೆ "ಪರಭಾರೆ ನಿಷೇಧ" ಎಂಬ ಷರತ್ತೊಂದೇ ಕಾಣುತ್ತದೆ. "ಮಾರ್ಲಿಕ್ಕಾಗದ ಜಾಗಕ್ಕೆ ಸಾಲ ಹೇಗೆ ಕೊಡುವುದು ಮಾರಾಯ್ರೇ?" ಜಾತಿಯ ಹೆಸರೆತ್ತದೆ ಕೆಲಸ ಮುಗಿಯಿತು. ಹಾಗೆ ತಿರುಗಿ ಬಂದವರಿಗೆ ಉಳಿಯುವುದು ಬಡ್ಡಿಯವನ ಬಾಗಿಲು.

ಪರಿಶಿಷ್ಟರ ಸಾಲದ ಅರ್ಜಿಯನ್ನು ಶಾಖೆಯಲ್ಲೇ ತಿರಸ್ಕರಿಸಬಾರದು, ಮೇಲಿನ ಅಧಿಕಾರಿಯೇ ಕಾರಣ ನಮೂದಿಸಿ ತಿರಸ್ಕರಿಸಬೇಕು ಎಂದು ರಿಸರ್ವ್ ಬ್ಯಾಂಕಿನ ಸುತ್ತೋಲೆ ಹೇಳಿದೆ. ಬಾಯಿಮಾತಿನ "ಇಲ್ಲ"ಕ್ಕೆ ಯಾರೂ ಎದ್ದು ಬರಬೇಡಿ. ಆ ಕಾರಣವನ್ನು ಬರಹದಲ್ಲಿ ಕೇಳಿ.