ಜ್ಞಾನದಾಸೋಹಕ್ಕೆ ಬೀಗವೇಕೆ?

ದಾಸೋಹದ ಪಂಕ್ತಿಯಲ್ಲಿ ಕುಳಿತವರನ್ನು, ಕಾಣಿಕೆ ಎಷ್ಟು ತಂದಿರೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಜ್ಞಾನದ ಪಂಕ್ತಿಯಲ್ಲಿ ಮಾತ್ರ ಆ ಪ್ರಶ್ನೆ ಇಂದಿಗೂ ಉಳಿದಿದೆ. ವಿದ್ವಾಂಸರ ಸಂಶೋಧನ ಲೇಖನಗಳು ಯಾರಿಗೆ ದೊರೆಯಬೇಕು, ಅವುಗಳ ಪ್ರಕಟಣೆಯ ವೆಚ್ಚವನ್ನು ಯಾರು ಹೊರಬೇಕು ಎಂಬ ವಿಚಾರವು ವಿಶ್ವವಿದ್ಯಾಲಯಗಳಿಗೆ ಸಂಬಂಧಿಸಿದಷ್ಟೇ ನಮ್ಮ ನಿಮ್ಮ ಮನೆಗಳಿಗೂ ಸಂಬಂಧಿಸಿದೆ.

ಮಂಗಳೂರಿನ ಕುಲಶೇಖರದಲ್ಲಿ ವಾಸವಾಗಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಮನೆಯ ಹಿರಿಯರಿಗೆ ಮೂತ್ರಪಿಂಡದ ವ್ಯಾಧಿ. ವಿಜ್ಞಾನ ಓದಿದ ಮಗಳು ಆ ವ್ಯಾಧಿಯ ಚಿಕಿತ್ಸೆಯನ್ನು ಕುರಿತ ಹೊಸ ಲೇಖನವೊಂದನ್ನು ಅಂತರಜಾಲದಲ್ಲಿ ಹುಡುಕುತ್ತಾಳೆ. ಶೀರ್ಷಿಕೆ, ಸಾರಾಂಶಗಳು ಕಾಣುತ್ತವೆ. ಮುಂದಕ್ಕೆ ಓದಬೇಕಾದರೆ ಹಣ ತೆರಬೇಕು. ಒಂದೇ ಲೇಖನದ ಬೆಲೆ ಅನೇಕ ವೇಳೆ 2,000-3,000 ರೂಪಾಯಿಗಳಿಗೆ ಏರುತ್ತದೆ. ಆಕೆ ಅಲ್ಲಿಗೇ ನಿಲ್ಲುತ್ತಾಳೆ.

ಈ ಬೀಗದ ಬಗೆಯನ್ನು ತಿಳಿಯಬೇಕು. ಸಂಶೋಧಕರ ಸಂಬಳವೂ ಪ್ರಯೋಗಶಾಲೆಯ ಖರ್ಚೂ ಬಹುಮಟ್ಟಿಗೆ ಜನರ ತೆರಿಗೆಯಿಂದ ಬರುತ್ತವೆ. ಬರೆದವರು ಸಂಭಾವನೆ ಪಡೆಯುವುದಿಲ್ಲ. ಲೇಖನವನ್ನು ಪರಿಶೀಲಿಸುವ ಸಹವಿದ್ವಾಂಸರೂ ಸಾಮಾನ್ಯವಾಗಿ ಪಡೆಯುವುದಿಲ್ಲ. ಪ್ರಕಾಶಕರು ಹಕ್ಕನ್ನು ಬರೆಸಿಕೊಂಡು, ಅದೇ ಲೇಖನವನ್ನು ಗ್ರಂಥಾಲಯಗಳಿಗೆ ಚಂದಾ ರೂಪದಲ್ಲಿ ಮಾರುತ್ತಾರೆ. ಜನರು ಒಮ್ಮೆ ಬೆಲೆ ಕೊಟ್ಟುದಕ್ಕೆ ಮತ್ತೊಮ್ಮೆ ಬೆಲೆ ಕೊಡಬೇಕಾಗುತ್ತದೆ.

ಇದನ್ನು ಸರಿಪಡಿಸಲೆಂದು 2002ರಲ್ಲಿ ಬುಡಾಪೆಸ್ಟ್ ನಗರದ ಹೆಸರಿನ ಘೋಷಣೆಯೊಂದು ಹೊರಬಿತ್ತು. ಅದು ಎರಡು ಮಾರ್ಗಗಳನ್ನು ತೋರಿತು: ಲೇಖಕರು ತಮ್ಮ ಲೇಖನದ ಪ್ರತಿಯನ್ನು ಮುಕ್ತ ಭಂಡಾರದಲ್ಲಿ ಇರಿಸುವುದು ಒಂದು, ಓದುಗರಿಂದ ಹಣ ಪಡೆಯದ ಪತ್ರಿಕೆಗಳನ್ನು ನಡೆಸುವುದು ಇನ್ನೊಂದು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ವಿದ್ವಾಂಸರ ಲೇಖನಗಳಿಗಾಗಿ ಇಂಥ ಭಂಡಾರವನ್ನು ತೆರೆಯಿತು. ಸರ್ ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯೂ ತನ್ನ ಪತ್ರಿಕೆಗಳ ಲೇಖನಗಳನ್ನು ಅಂತರಜಾಲದಲ್ಲಿ ಓದುಗರಿಗೆ ಉಚಿತವಾಗಿ ಒದಗಿಸಿತು.

ಪ್ರಕಟಣೆಯ ಭಾರವನ್ನು ಯಾರು ಹೊರಬೇಕೆಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 1850ರ ಸುಮಾರಿಗೆ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಬಸವಪುರಾಣ ಮೊದಲಾದ ಕನ್ನಡ ಗ್ರಂಥಗಳನ್ನು ಕಲ್ಲಚ್ಚಿನಲ್ಲಿ ಹೊರತಂದಾಗ ಅದರ ಭಾರವನ್ನು ಹೊತ್ತವರು ಕಾಸಮೇಜರ್ ಎಂಬ ಆಂಗ್ಲ ಅಧಿಕಾರಿ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಗಳ ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಮುದ್ರಣಾಲಯಕ್ಕೆ ಕಳುಹಿಸಿದರೆಂದೂ ಅದು ಅಚ್ಚಾಗದೆ ಹಿಂದಿರುಗಿತೆಂದೂ ಅವರ ಚರಿತ್ರಕಾರರು ಹೇಳುತ್ತಾರೆ. ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಬಳಿಕ ಅವರು ತಮ್ಮದೇ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ, ಬಡತನವನ್ನೇ ಕೈಹಿಡಿದರು. ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಮುಂದೆ ಕೆಲವು ಕನ್ನಡ ತರುಣರು 'ವಚನ ಸಂಚಯ'ದ ಮೂಲಕ 20,000ಕ್ಕೂ ಹೆಚ್ಚು ವಚನಗಳನ್ನು ಪದ ಹುಡುಕಿ ಓದುವಂತೆ ಅಂತರಜಾಲಕ್ಕೆ ತಂದರು. ಮೂಲಪಾಠ ಹೀಗೆ ಮನೆಮನೆಗೆ ಬಂದಿರುವಾಗ, ಅದರ ಮೇಲಿನ ವಿಮರ್ಶೆ-ಸಂಶೋಧನೆಗಳು ಮಾತ್ರ ಕಪಾಟಿನಲ್ಲಿ ಉಳಿಯುವುದು ಉಚಿತವೆ?

ಸರ್ಕಾರವೂ ಸುಮ್ಮನೆ ಕುಳಿತಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮದ ಫಲವಾಗಿ ಬೆಳೆದ 'ಶೋಧಗಂಗಾ' ಭಂಡಾರದಲ್ಲಿ 5 ಲಕ್ಷಕ್ಕೂ ಹೆಚ್ಚು ಮಹಾಪ್ರಬಂಧಗಳಿವೆ. ಕನ್ನಡದವೂ ಅಲ್ಲಿ ದೊರೆಯುತ್ತವೆ. ಕೇಂದ್ರದ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ತಮ್ಮ ಧನಸಹಾಯದಿಂದ ನಡೆದ ಸಂಶೋಧನೆಯ ಲೇಖನಗಳನ್ನು ಮುಕ್ತ ಭಂಡಾರದಲ್ಲಿ ಇರಿಸಬೇಕೆಂದು 2014ರಲ್ಲಿಯೇ ವಿಧಿಸಿದವು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟವು 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು: 2025ರಿಂದ 3 ವರ್ಷಗಳಿಗೆ 6,000 ಕೋಟಿ ರೂಪಾಯಿ, ಸುಮಾರು 13,000 ಪತ್ರಿಕೆಗಳು. ಇದು ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿ-ಅಧ್ಯಾಪಕರಿಗೆ ದೊಡ್ಡ ಉಪಕಾರ. ಆದರೆ ಕುಲಶೇಖರದ ಆ ಮಗಳು ತನ್ನ ಮನೆಯಲ್ಲಿ ಕುಳಿತು ಓದುವುದಕ್ಕೆ ಇದರಿಂದ ಹಾದಿಯಾಗಲಿಲ್ಲ. ಸಂಸ್ಥೆಗೆ ಚಂದಾ ಕಟ್ಟುವುದು ಬೇರೆ, ಬಾಗಿಲನ್ನು ಎಲ್ಲರಿಗೂ ತೆರೆಯುವುದು ಬೇರೆ.

ಮುಕ್ತ ಪ್ರಕಟಣೆಯಲ್ಲಿಯೂ ಎಚ್ಚರ ಬೇಕು. ಓದುಗರಿಂದ ಪಡೆಯದ ಹಣವನ್ನು ಕೆಲವು ಪತ್ರಿಕೆಗಳು ಲೇಖಕರಿಂದ ಪಡೆಯುತ್ತವೆ. 'ನೇಚರ್' ಪತ್ರಿಕೆಯು 2020ರಲ್ಲಿ ಒಂದು ಲೇಖನಕ್ಕೆ 9,500 ಯೂರೋ ಶುಲ್ಕವನ್ನು ಪ್ರಕಟಿಸಿತು. ಬಡ ಸಂಶೋಧಕನಿಗೆ ಇದೂ ಒಂದು ಬೀಗವೇ. ಹಣ ಪಡೆದು, ಪರಿಶೀಲನೆಯಿಲ್ಲದೆ ಏನನ್ನಾದರೂ ಪ್ರಕಟಿಸುವ ನಕಲಿ ಪತ್ರಿಕೆಗಳೂ ಹುಟ್ಟಿಕೊಂಡಿವೆ. ಓದುಗರೂ ಲೇಖಕರೂ ಹಣ ಕೊಡಬೇಕಾಗಿಲ್ಲದೆ, ಸಂಸ್ಥೆಯೋ ಸಮಾಜವೋ ವೆಚ್ಚವನ್ನು ಹೊರುವ ಮಾರ್ಗವೇ ದಾಸೋಹಕ್ಕೆ ಸಮೀಪವಾದುದು.

ಗೃಹಸ್ಥರು ಮಾಡಬಹುದಾದ ಕೆಲಸಗಳೂ ಉಂಟು. ಮನೆಯಲ್ಲಿ ಮಗನೋ ಸೊಸೆಯೋ ಸಂಶೋಧನೆ ಮಾಡುತ್ತಿದ್ದರೆ, ಹಕ್ಕುಪತ್ರಕ್ಕೆ ಸಹಿ ಹಾಕುವ ಮೊದಲು ಮುಕ್ತ ಭಂಡಾರದಲ್ಲಿ ಪ್ರತಿ ಇರಿಸಲು ಅವಕಾಶವಿದೆಯೆ ಎಂದು ವಿಚಾರಿಸಲು ಹೇಳಿರಿ. ಬೇಕಾದ ಲೇಖನ ದೊರೆಯದಿದ್ದರೆ ಅದರ ಲೇಖಕರಿಗೇ ವಿನಯದಿಂದ ಬರೆಯಿರಿ. ಅನೇಕರು ಸಂತೋಷದಿಂದ ಪ್ರತಿ ಕಳುಹಿಸುತ್ತಾರೆ. ಅಟ್ಟದ ಮೇಲೆ ಓಲೆಗರಿಯ ಕಟ್ಟುಗಳಿದ್ದರೆ ಅವುಗಳ ಛಾಯಾಪ್ರತಿ ತೆಗೆಯಲು ಬಲ್ಲವರಿಗೆ ಅನುಮತಿ ಕೊಡಿರಿ. ಮಠಗಳ, ಸಂಘಗಳ ನೆರವಿನಿಂದ ಪ್ರಕಟವಾಗುವ ಸಂಶೋಧನ ಗ್ರಂಥಗಳನ್ನು, ಅಚ್ಚಿನ ಪ್ರತಿಯ ಜೊತೆಗೆ, ಅಂತರಜಾಲದಲ್ಲಿ ಉಚಿತವಾಗಿ ಇರಿಸಬೇಕೆಂದು ದಾನಿಗಳೇ ಕೇಳಬೇಕು. ಅನ್ನ ಹಂಚಿದಷ್ಟೂ ಕೊಪ್ಪರಿಗೆ ಬರಿದಾಗುತ್ತದೆ. ಅರಿವು ಮಾತ್ರ ಹಂಚಿದವರಲ್ಲಿಯೂ ಉಳಿಯುತ್ತದೆ.