ಅಂಗಡಿಗೆ ಪ್ಲಾಸ್ಟಿಕ್ ದಂಡ. ಸರ್ಕಾರಿ ಕಚೇರಿಯ ಖರೀದಿಗೆ ಏನು ನಿಯಮ?

ಹುಣಸೂರು: ಅಧಿಕಾರಿಗಳು ಅಂಗಡಿಗೆ ಬಂದು ಪ್ಲಾಸ್ಟಿಕ್ ಕವರ್ ಹಿಡಿಯೋದು, ದಂಡ ಹಾಕೋದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ವ್ಯಾಪಾರಸ್ಥರಿಗೆ ಹೊಸದೇನಲ್ಲ. ಆದರೆ ಸರ್ಕಾರ ದಂಡ ಹಾಕೋದಷ್ಟೇ ಅಲ್ಲ, ನಮ್ಮ ಪೇಟೆಗಳ ದೊಡ್ಡ ಗಿರಾಕಿಯೂ ಹೌದು. ತಾಲ್ಲೂಕು ಕಚೇರಿ, ಆಸ್ಪತ್ರೆ, ಹಾಸ್ಟೆಲ್, ಗ್ರಾಮ ಪಂಚಾಯಿತಿ ಎಲ್ಲ ಸೇರಿ ವರ್ಷವಿಡೀ ಬಲ್ಬು, ಫ್ಯಾನು, ಕಾಗದ, ಊಟದ ತಟ್ಟೆ, ನೀರಿನ ಬಾಟಲ್ ಕೊಳ್ಳುತ್ತಲೇ ಇರುತ್ತವೆ. ಈ ಖರೀದಿಗೂ ಪರಿಸರದ ನಿಯಮ ಇದೆ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ.

ಕ್ಯಾರಿ ಬ್ಯಾಗ್, ಫ್ಲೆಕ್ಸ್, ಬ್ಯಾನರ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಊಟದ ಟೇಬಲ್ ಮೇಲೆ ಹಾಸುವ ಹಾಳೆ ಇವನ್ನೆಲ್ಲ ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ನಿಷೇಧಿಸಿದೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಮೇಲಿನ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಕೇಂದ್ರದ ನಿಯಮದಲ್ಲಿ ಮಾರಾಟದ ಜೊತೆಗೆ ‘ಬಳಕೆ’ ಅನ್ನೋ ಪದವೂ ಇದೆ. ಅಂದರೆ ಸರ್ಕಾರಿ ಸಮಾರಂಭದಲ್ಲಿ ಪ್ಲಾಸ್ಟಿಕ್ ತಟ್ಟೆ ಹಾಕಿದರೆ ಅದೂ ಉಲ್ಲಂಘನೆಯೇ.

ನೀರಿನ ಬಾಟಲ್ ಕಥೆ ಬೇರೆ. ಅದು ನಿಷೇಧದ ಪಟ್ಟಿಯಲ್ಲಿಲ್ಲ, ಹಾಗಾಗಿ ಅಂಗಡಿಯಲ್ಲಿ ಮಾರೋದು ತಪ್ಪಲ್ಲ. ಆದರೆ ಸರ್ಕಾರಿ ಕಚೇರಿ, ಸಭೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲ್ ಬಳಸಬಾರದು, ಕಾಫಿ, ಟೀ, ಹಾಲಿಗೆ ನಂದಿನಿ ಉತ್ಪನ್ನಗಳನ್ನೇ ಬಳಸಬೇಕು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಅಕ್ಟೋಬರ್‌ನಲ್ಲಿ ಸೂಚನೆ ಕೊಟ್ಟಿದ್ದಾರೆ.

ಲೆಕ್ಕ ಹಾಕಿ ನೋಡಿ. ಐವತ್ತು ಜನರ ಸಭೆಗೆ 10 ರೂಪಾಯಿಯ ಬಾಟಲ್ ಕೊಟ್ಟರೆ 500 ರೂ. ತಿಂಗಳಿಗೆ ಎರಡು ಸಭೆ ಅಂದರೆ ವರ್ಷಕ್ಕೆ 12,000 ರೂ. ತಲಾ 60 ರೂ.ನಂತೆ ಐವತ್ತು ಸ್ಟೀಲ್ ಲೋಟಕ್ಕೆ ಒಂದೇ ಸಲ 3,000 ರೂ. ಸಾಕು. ಹಾಗಾದರೆ ಲೋಟ ತೊಳೆಯೋರು ಯಾರು? ಡಿ ಗ್ರೂಪ್ ನೌಕರರು ಕಡಿಮೆ ಇರುವ ಕಚೇರಿಯಲ್ಲಿ ಇದು ನೆಪ ಅಲ್ಲ, ನಿಜವಾದ ತೊಂದರೆ. ಆದೇಶದ ಜೊತೆ ಇದಕ್ಕೂ ವ್ಯವಸ್ಥೆ ಮಾಡದಿದ್ದರೆ ಬಾಟಲ್ ಮತ್ತೆ ಟೇಬಲ್ ಮೇಲೆ ಬಂದು ಕೂರುತ್ತೆ.

‘ಯಾರು ಕಡಿಮೆ ರೇಟು ಹಾಕ್ತಾರೋ ಅವರಿಗೇ ಕೊಡಬೇಕು, ಪರಿಸರ ಅಂತ ನೋಡೋಕೆ ಆಗಲ್ಲ’ ಅನ್ನೋ ಮಾತು ಕಚೇರಿಗಳಲ್ಲಿ ಸಾಮಾನ್ಯ. ಇದು ಅರ್ಧ ಸತ್ಯ. ರಾಜ್ಯದ ಟೆಂಡರ್‌ಗಳು ನಡೆಯೋದು ಕೆಟಿಪಿಪಿ ಎಂದು ಕರೆಯುವ 1999ರ ಪಾರದರ್ಶಕತೆ ಕಾಯ್ದೆಯಡಿ. ಅದರ 13ನೇ ಕಲಂ ಕಡಿಮೆ ದರದ ಟೆಂಡರ್ ಒಪ್ಪಿ ಅನ್ನುತ್ತೆ ನಿಜ. ಆದರೆ ಆ ‘ಕಡಿಮೆ’ಯನ್ನು ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆದ, ಅಳೆಯಬಹುದಾದ ಅಂಶಗಳ ಮೇಲೆ ತೀರ್ಮಾನಿಸಬೇಕು ಅಂತಲೂ ಹೇಳುತ್ತೆ. ಕರೆಂಟ್ ಖರ್ಚು ಅಳೆಯಬಹುದಾದ ಅಂಶವೇ ತಾನೆ? ಹುಣಸೂರು, ಪಿರಿಯಾಪಟ್ಟಣ ಕಡೆಯ ತಂಬಾಕು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಾಜಿನಲ್ಲಿ ಮೊದಲು ಬೇಲಿನ ಗ್ರೇಡ್, ಆಮೇಲೆ ರೇಟು. ಗ್ರೇಡ್ ಬರೆಯದೆ ಬರೀ ರೇಟು ಕೇಳಿದರೆ ಏನಾಗುತ್ತೋ, ಕಚೇರಿ ಖರೀದಿಯಲ್ಲೂ ಅದೇ ಆಗುತ್ತೆ.

ಫ್ಯಾನ್ ಉದಾಹರಣೆ ತಗೊಳ್ಳಿ. ಹಳೇ ಮಾದರಿ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ಓಡಿದರೆ ಮೊದಲನೆಯದಕ್ಕೆ 150 ಯೂನಿಟ್, ಎರಡನೆಯದಕ್ಕೆ 60 ಯೂನಿಟ್. ಯೂನಿಟ್‌ಗೆ 7 ರೂ. ಅಂತ ಹಿಡಿದರೆ ಒಂದು ಫ್ಯಾನ್‌ಗೆ ವರ್ಷಕ್ಕೆ 630 ರೂ. ಉಳಿತಾಯ. ಕೊಳ್ಳುವಾಗ ಸಾವಿರ, ಸಾವಿರದಿನ್ನೂರು ಹೆಚ್ಚು ಕೊಟ್ಟಿದ್ದರೂ ಎರಡು ವರ್ಷಕ್ಕೆ ಹುಟ್ಟುತ್ತೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯ, ಹಾಗಾಗಿ ಇಂಡೆಂಟ್‌ನಲ್ಲಿ ‘ಫ್ಯಾನ್ 20’ ಅಂತ ಬರೆಯೋ ಬದಲು ‘5 ಸ್ಟಾರ್ ಫ್ಯಾನ್ 20’ ಅಂತ ಬರೆದರೆ ಮುಗೀತು.

ಟೆಂಡರ್ ಇಲ್ಲದೆ ಕೊಟೇಷನ್ ಮೇಲೆ ನಡೆಯುವ ಸಣ್ಣ ಖರೀದಿಗೂ ಇದೇ ಮಾತು. ಸ್ಥಳೀಯ ಅಂಗಡಿಯವರಿಗೆ ಅವಕಾಶ ಇರೋದೂ ಇಲ್ಲೇ. ಕೊಟೇಷನ್ ಪತ್ರದಲ್ಲಿ ‘ಅಡಿಕೆ ಹಾಳೆ ತಟ್ಟೆ’ ಅಥವಾ ‘ಮುತ್ತುಗದ ಎಲೆ’ ಅಂತ ಇದ್ದರೆ ಪೇಟೆಯ ಸಣ್ಣ ವ್ಯಾಪಾರಿಯೂ ರೇಟು ಕೊಡಬಹುದು. ‘ಊಟದ ತಟ್ಟೆ’ ಅಂತ ಮಾತ್ರ ಇದ್ದರೆ ಹಾಳೆ ತಟ್ಟೆ ತರಿಸಿಟ್ಟವನು ರೇಟಿನಲ್ಲೇ ಸೋತ. ಇನ್ನು ಪೇಪರ್ ಲೋಟ: ಹೆಸರಿಗೆ ಪೇಪರ್, ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತೆ. ಅದನ್ನೇ ಪರಿಸರಸ್ನೇಹಿ ಅಂತ ಬಿಲ್ ಮಾಡಿದರೆ ನಂಬಬೇಡಿ.

ನಿಮ್ಮೂರ ಕಚೇರಿ ಏನು ಕೊಳ್ಳುತ್ತಿದೆ ಅಂತ ತಿಳಿಯಬೇಕಾದರೆ ಮಾಹಿತಿ ಹಕ್ಕಿನಡಿ 10 ರೂ. ಶುಲ್ಕ ಕಟ್ಟಿ ಅರ್ಜಿ ಹಾಕಬಹುದು, ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ. ‘ಕಳೆದ ಆರ್ಥಿಕ ವರ್ಷದಲ್ಲಿ ಸಭೆಗಳಿಗೆ ಖರೀದಿಸಿದ ಕುಡಿಯುವ ನೀರಿನ ಬಿಲ್‌ಗಳ ಪ್ರತಿ’ ಅಂತ ಕೇಳಿದರೆ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು.