ತೀನ್ ಮೂರ್ತಿ ಸ್ಮಾರಕದ ಒಕ್ಕಣೆ: ಒಂದು ಪರಿಶೀಲನೆ

ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಬಿಳಿಯ ಶಿಲಾಸ್ತಂಭವೊಂದರ ಸುತ್ತ ಮೂವರು ಯೋಧರ ಕಂಚಿನ ಪ್ರತಿಮೆಗಳು ನಿಂತಿವೆ. ಲೆನರ್ಡ್ ಜೆನಿಂಗ್ಸ್ ಎಂಬ ಶಿಲ್ಪಿ ರೂಪಿಸಿದ ಈ ಸ್ಮಾರಕವು 1922ರಲ್ಲಿ ಸ್ಥಾಪಿತವಾಯಿತು. ಸಮೀಪದ ಭವನಕ್ಕೆ ತೀನ್ ಮೂರ್ತಿ ಭವನವೆಂಬ ಹೆಸರು ಬಂದುದೂ ಇದರಿಂದಲೇ. ಹೈದರಾಬಾದು, ಮೈಸೂರು, ಜೋಧಪುರ ಈ ಮೂರು ಸಂಸ್ಥಾನಗಳ ಅಶ್ವದಳಗಳನ್ನು ಮೂರು ಮೂರ್ತಿಗಳು ಪ್ರತಿನಿಧಿಸುತ್ತವೆ. ಮೊದಲನೆಯ ಮಹಾಯುದ್ಧದಲ್ಲಿ ಈ ದಳಗಳು 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವಬ್ರಿಗೇಡಿನಲ್ಲಿ ಒಂದುಗೂಡಿ, ತುರ್ಕಿ ಸಾಮ್ರಾಜ್ಯದ ಸೇನೆಯೊಡನೆ ಹೋರಾಡಿದವು.

ಸ್ತಂಭದ ಒಕ್ಕಣೆಯನ್ನು ಶಾಸನವನ್ನು ಓದುವಷ್ಟೇ ಎಚ್ಚರದಿಂದ ಓದಬೇಕೆಂಬುದು ನಮ್ಮ ಅಭಿಪ್ರಾಯ. ಅದು ಸ್ಮರಿಸುವುದು ಸಿನಾಯ್, ಪ್ಯಾಲೆಸ್ಟೈನ್, ಸಿರಿಯಾಗಳಲ್ಲಿ ಮಡಿದ ಅಧಿಕಾರಿಗಳನ್ನೂ ಸಿಪಾಯಿಗಳನ್ನೂ. ಅಂದರೆ ಒಂದು ಕದನವನ್ನಲ್ಲ, ಸುದೀರ್ಘವಾದ ಒಂದು ದಂಡಯಾತ್ರೆಯನ್ನು. ಭಾವನಗರ, ಕಾಶ್ಮೀರ, ಕಾಠಿಯಾವಾಡಗಳ ತುಕಡಿಗಳನ್ನೂ ಅದು ಮರೆತಿಲ್ಲ. 2018ರ ಜನವರಿಯಲ್ಲಿ ಈ ಸ್ಥಳಕ್ಕೆ ತೀನ್ ಮೂರ್ತಿ ಹೈಫಾ ಚೌಕವೆಂದು ಹೊಸ ಹೆಸರಾಯಿತು. ಅಂದಿನಿಂದ ಮೂರು ಮೂರ್ತಿಗಳೂ ಹೈಫಾದ ವೀರರೇ ಎಂಬ ಗ್ರಹಿಕೆ ಬೇರೂರುತ್ತಿದೆ.

ಈ ಗ್ರಹಿಕೆ ಎಷ್ಟರಮಟ್ಟಿಗೆ ಸರಿ? 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಏರಿಹೋದವು ಜೋಧಪುರ ಮತ್ತು ಮೈಸೂರು ದಳಗಳು. ಹೈದರಾಬಾದಿನ ದಳವು ಅಂದು ಬೇರೆ ಕರ್ತವ್ಯದ ಮೇಲಿತ್ತು. ದಾಳಿಯಲ್ಲಿ ಅದು ಭಾಗವಹಿಸಲಿಲ್ಲ. ಪಟ್ಟಣದ ಒಂದು ಪಕ್ಕಕ್ಕೆ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕಕ್ಕೆ ಕೀಶೋನ್ ನದಿಯ ಕೆಸರು. ಮೈಸೂರಿನ ತುಕಡಿಯೊಂದು ಬೆಟ್ಟವನ್ನೇರಿ ಮೇಲಿನ ಫಿರಂಗಿಗಳ ಮೇಲೆ ಬಿದ್ದಿತು. ಜೋಧಪುರದವರು ಕೆಳಗಿನ ದಾರಿಯಲ್ಲಿ ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲಿಯೇ ಮಡಿದರು. ಸೆರೆಸಿಕ್ಕ ಶತ್ರುಗಳು 1,350 ಮಂದಿ. ನಮ್ಮವರಲ್ಲಿ ಮಡಿದವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ಬೆಟ್ಟವನ್ನೂ ಕೆಸರನ್ನೂ ಭರ್ಜಿ ಹಿಡಿದು ದಾಟಿದ ಈ ಸಾಹಸದ ಕೀರ್ತಿ ನ್ಯಾಯವಾದುದೇ. ಅದನ್ನು ಕುಂದಿಸುವುದು ನಮ್ಮ ಉದ್ದೇಶವಲ್ಲ.

ಆದರೆ ಇದಾದ ಒಂದು ತಿಂಗಳ ಬಳಿಕ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ನಗರದ ಉತ್ತರಕ್ಕಿರುವ ಹರಿತಾನ್ ಗ್ರಾಮದ ಬಳಿ ಇದೇ ಎರಡು ದಳಗಳು ಹಿಂದೆಗೆಯುತ್ತಿದ್ದ ತುರ್ಕಿ ಸೇನೆಯನ್ನು ಅಡ್ಡಗಟ್ಟಲು ಹೋದವು. ಎದುರಾಳಿಗಳ ಸಂಖ್ಯೆ ಊಹಿಸಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ದಾಳಿ ಸಫಲವಾಗಲಿಲ್ಲ. ಬ್ರಿಗೇಡಿನ 21 ಮಂದಿ ಮಡಿದರು, 56 ಮಂದಿ ಗಾಯಗೊಂಡರು. ಹೈಫಾದಲ್ಲಿ ತೆತ್ತುದಕ್ಕಿಂತ ಇದು ಎರಡು ಪಟ್ಟಿಗೂ ಮಿಗಿಲಾದ ಪ್ರಾಣಹಾನಿ. ನಾಲ್ಕೇ ದಿನಗಳಲ್ಲಿ, ಅಕ್ಟೋಬರ್ 30ರಂದು, ಮುದ್ರೋಸ್‌ನಲ್ಲಿ ಯುದ್ಧವಿರಾಮದ ಒಪ್ಪಂದಕ್ಕೆ ಸಹಿ ಬಿದ್ದಿತು.

ನಮ್ಮ ವೀರಗಲ್ಲುಗಳನ್ನು ನಿಲ್ಲಿಸಿದವರು ಗೆದ್ದು ಸತ್ತವನನ್ನೂ ಸೋತು ಸತ್ತವನನ್ನೂ ಬೇರೆಬೇರೆ ತೂಗಲಿಲ್ಲ. 1922ರ ಒಕ್ಕಣೆಯೂ ಹಾಗೆಯೇ ಇದೆ: ಸಿರಿಯಾ ಎಂಬ ಒಂದೇ ಪದದೊಳಗೆ ಹರಿತಾನದ ಮೃತರಿಗೂ ಎಡೆಯುಂಟು. ವೃತ್ತದ ಹೊಸ ಹೆಸರಿನಲ್ಲಿ ಅವರಿಗೆ ಎಡೆಯಿಲ್ಲ, ಹೈದರಾಬಾದಿನವರಿಗೂ ಇಲ್ಲ. ಹೆಸರನ್ನು ಹಿಂದೆಗೆಯಬೇಕೆಂದು ನಾವು ಹೇಳುವುದಿಲ್ಲ. ಅಲ್ಲಿಗೆ ಬರುವವರಿಗೆ ಸ್ತಂಭದ ಮೂಲ ಒಕ್ಕಣೆಯ ಅರ್ಥವನ್ನು ತಿಳಿಸುವ ಫಲಕವೊಂದು ಅಗತ್ಯವೆನ್ನುತ್ತೇವೆ. ಬೆಂಗಳೂರಿನ ಜೆ. ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ದಳಕ್ಕೇ ಮೀಸಲಾದ ಸ್ಮಾರಕಸ್ತಂಭವಿದೆ. ದೆಹಲಿಯವರೆಗೆ ಹೋಗಲಾರದ ನಮ್ಮ ವಿದ್ಯಾರ್ಥಿಗಳು ತಮ್ಮ ಅಧ್ಯಯನವನ್ನು ಅಲ್ಲಿಂದಲೇ ಆರಂಭಿಸಬಹುದು.